ಇನ್‌ಸ್ಪೆಕ್ಷನ್ನಿಗೆ ಬಾರದ ಐದು ಬಸವಣ್ಣ

ನಾಲ್ಕು ಗಂಟೆಗೆ ಏಳುವುದು. ಒಲೆಯ ಬೂದಿ ಬಳಿದು, ಸಗಣಿಯಿಂದ ಒಲೆ ಸಾರಿಸುವುದು. ಬಚ್ಚಲ ಹಂಡೆಗೆ ನೀರು ತುಂಬಿ ಉರಿ ಹಾಕುವುದು. ಅಂಗಳ ಗುಡಿಸಿ, ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಎಳೆಯುವುದು. ಹೊಳೆಗೆ ಹೋಗಿ ಅತ್ತೆಯ ಲಿಂಗಪೂಜೆಗೊಂದು ಕೊಡ, ಕುಡಿಯಲೊಂದು ಕೊಡ ತರುವುದು. ಎಮ್ಮೆಗೆ ಹಿಂಡಿ ಇಟ್ಟು ಹಾಲು ಕರೆಯುವುದು. ಮಜ್ಜಿಗೆ ಕಡೆಯುವುದು. ಎಸರಿಟ್ಟು, ಜೋಳದ ಹಿಟ್ಟು ನಾದಿ, ಇಪ್ಪತ್ತೆರಡು ರೊಟ್ಟಿ ತಟ್ಟುವುದು. ಮಾವನಿಗೆ ಮೆತ್ತಗಿನವು, ಮೈದುನರಿಗೆ ಗರಿಗರಿಯಾದವು. ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಡುವುದು. ಒಂದು ಪಲ್ಯ, ಒಂದು ಚಟ್ನಿ.

ಇಷ್ಟೂ ಆದಮೇಲೆ ಹರಿಹರದಲ್ಲಿ ಬೆಳಕು ಹರಿಯುತ್ತಿತ್ತು. ಬೆಳಕು ಹರಿದ ಮೇಲೆ ಮಾಡುವ ಕೆಲಸಗಳ ಪಟ್ಟಿ ಬೇರೆಯೇ ಇತ್ತು. ಅದನ್ನೂ ಮುಗಿಸಿ, ಬೆವರಿದ ಸೀರೆ ಬದಲಿಸಿ, ದ್ರಾಕ್ಷಾಯಣಮ್ಮ ಎಂಟೂಕಾಲಿನ ಪ್ಯಾಸೆಂಜರ್ ಗಾಡಿ ಹಿಡಿಯುತ್ತಿದ್ದಳು. ಗಾಡಿಯಲ್ಲಿ ಕೂತ ಅರ್ಧ ಗಂಟೆ ಅವಳ ಕೈಗೆ ಕೆಲಸವಿರುತ್ತಿರಲಿಲ್ಲ. ಮೊದಮೊದಲು ಆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯದೆ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಕೂತಿರುತ್ತಿದ್ದಳು. ಆಮೇಲೆ ಪಾಠದ ಪುಸ್ತಕ ಹಿಡಿಯುವುದು ರೂಢಿಯಾಯಿತು.

ಅವಳು ದಾವಣಗೆರೆಯ ಒಂದು ಹೆಣ್ಣುಮಕ್ಕಳ ಮಾಧ್ಯಮಿಕ ಶಾಲೆಯಲ್ಲಿ ಹಂಗಾಮಿ ಟೀಚರು. ತವರು ಮಾಯಕೊಂಡ. ಸೋದರಮಾವನ ಮನೆಯಲ್ಲಿದ್ದುಕೊಂಡು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಹರಿಹರದಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಮನೆತನಕ್ಕೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ, ಆ ಮಾತು ಹಳೆಯದಾಗಿ ಹೋಗಿ, ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಂಗಡಿ ಮಂದವಾದ ವರ್ಷ ಗಂಡ ವಾಮದೇವಪ್ಪನೇ, "ಇಸ್ಕೂಲಿನ್ಯಾಗೆ ಜಾಗ ಖಾಲಿ ಐತಂತೆ, ಅರ್ಜಿ ಹಾಕು" ಎಂದಿದ್ದ. ಅತ್ತೆ ಶಕುಂತಲಮ್ಮ ಒಂದೇ ಮಾತು ಹೇಳಿದ್ದರು. "ಹೋಗ್ಲಿ ಬಿಡು. ಮನಿ ಕೆಲಸ ಒಂದೂ ನಿಲ್ಲಬಾರ್ದು, ಅಷ್ಟೆಯ."

ನಾಲ್ಕು ವರ್ಷದಲ್ಲಿ ಒಂದೂ ನಿಂತಿರಲಿಲ್ಲ.

ಈಗ ನಿಲ್ಲುವಂತಿದ್ದುದು ನೌಕರಿ. ಮೇ ತಿಂಗಳ ಕೊನೆಗೆ ಶಾಲೆ ತೆರೆದಾಗಲೇ ಮೇಲಿನಿಂದ ಆದೇಶ ಬಂದಿತ್ತು. ತರಬೇತಿ ಇಲ್ಲದ ಹಂಗಾಮಿ ಟೀಚರುಗಳನ್ನು ಇನ್ನು ಇಟ್ಟುಕೊಳ್ಳುವಂತಿಲ್ಲ. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ, ಸರಿ ಎನಿಸಿದವರನ್ನು ಸಂಬಳದ ಮೇಲೆ ಒಂದು ವರ್ಷ ತರಬೇತಿಗೆ ಕಳಿಸುತ್ತಾರೆ. ಉಳಿದವರು ಜೂನ್ ಕೊನೆಗೆ ಮನೆಗೆ. ಮನೆಗೆ ಎಂದರೆ ಏನೆಂದು ದ್ರಾಕ್ಷಾಯಣಮ್ಮನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆ ಅರ್ಧ ಗಂಟೆಯ ಗಾಡಿಯೂ ಇರುವುದಿಲ್ಲ.

"ಜಂಬಯ್ಯನೋರು ಬರ್ತಾರಂತೆ," ಎಂದು ಹೆಡ್‌ಮಿಸ್ಟ್ರೆಸ್ ನಾಗರತ್ನಮ್ಮ ಮೊದಲೇ ಎಚ್ಚರಿಸಿದ್ದರು. "ಆ ಮನುಷ್ಯ ಇಸವಿ ಕೇಳ್ತಾನೆ, ರಾಜರ ಹೆಸರು ಕೇಳ್ತಾನೆ. ನೀವು ಯಾವ ಪಾಠ ಇಟ್ಕಂಡೀರಿ?"

"ಸಿಂಧೂ ಬಯಲಿನ ನಾಗರಿಕತೆರಿ. ಏಳನೇ ಕ್ಲಾಸಿನ ಮೊದಲನೇ ಪಾಠನೇ ಅದು."

"ಅದ್ರಾಗೆ ರಾಜನೂ ಇಲ್ಲ, ಇಸವಿನೂ ಸರಿಯಾಗಿಲ್ಲ. ಅಶೋಕಂದು ಮಾಡ್ರಿ ತಾಯಿ."

"ಅಶೋಕ ಬರೋದು ಆಗಸ್ಟಿಗೆರಿ," ಎಂದಳು ದ್ರಾಕ್ಷಾಯಣಮ್ಮ.

ಪುಸ್ತಕದಲ್ಲಿ ಆ ಪಾಠಕ್ಕೆ ಎರಡೇ ಪುಟ. ಅದರಲ್ಲೊಂದು ಚಿತ್ರ: ಮುದ್ರೆಯ ಮೇಲೆ ಕೆತ್ತಿದ, ಬೆನ್ನ ಮೇಲೆ ದೊಡ್ಡ ಹಿಣಿಲೆದ್ದ ಎತ್ತು. ಊರಿನ ಚಿತ್ರವಿಲ್ಲ, ಮನೆಯ ಚಿತ್ರವಿಲ್ಲ. ಅವಳು ಹೊಳೆದಂಡೆಯ ಜಿಗಿಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ದಿನಾ ಗಾಡಿಯಲ್ಲಿ ಒಯ್ದಳು. ಹಳೆಯ ಬಾಗಿಲೊಂದನ್ನು ಅಡ್ಡ ಮಲಗಿಸಿ, ಅದರ ಮೇಲೆ ಮೊಹೆಂಜೊದಾರೊ ಕಟ್ಟಿಸಿದಳು. ಮನೆಗಳು, ಬಾವಿ, ಈಜುವ ಕೊಳ, ಕಣಜ, ಬೀದಿಯುದ್ದಕ್ಕೂ ಮುಚ್ಚಿದ ಚರಂಡಿ. ಹುಡುಗಿಯರು ಕಟ್ಟುತ್ತ ಕಟ್ಟುತ್ತ ಪುಸ್ತಕದಲ್ಲಿಲ್ಲದ್ದನ್ನು ಕೇಳತೊಡಗಿದರು.

"ಅಕ್ಕೋರೆ, ಚರಂಡಿ ಕಟ್ಟಿಕಂಡ್ರೆ ಯಾರು ತೆಗೀತಿದ್ರು?"

"ಅಡಿಗಿ ಮನಿ ಎಲ್ಲಿತ್ರಿ?"

ಬೀಸುವ ಕಲ್ಲುಗಳು ಸಿಕ್ಕಿವೆ ಎಂಬ ಒಂದು ಸಾಲು ಪುಸ್ತಕದಲ್ಲಿತ್ತು. ಅವು ನಮ್ಮ ಬೀಸುಕಲ್ಲಿನಂತೆ ತಿರುಗುವಂಥವಲ್ಲ. ಕೆಳಗೊಂದು ತಗ್ಗಾದ ಕಲ್ಲು, ಮೇಲೊಂದು ಗುಂಡು, ಮಂಡಿಯೂರಿ ಹಿಂದೆ ಮುಂದೆ ತಿಕ್ಕಬೇಕು ಎಂದು ಅವಳು ಎಲ್ಲೋ ಓದಿದ್ದಳು. ಹೇಳಿದರೆ ಹುಡುಗಿಯರಿಗೆ ತಿಳಿಯಲಿಲ್ಲ. ಶಾಲೆಯ ಹಿಂದಿದ್ದ ಬಟ್ಟೆ ಒಗೆಯುವ ಚಪ್ಪಡಿಯನ್ನು ತೊಳೆಸಿ, ಒಂದು ಪಾವು ಜೋಳ ಹಾಕಿ, "ತಿಕ್ರಿ ನೋಡಾಣ" ಎಂದಳು. ಸರದಿಯ ಮೇಲೆ ತಿಕ್ಕಿದರು. ಹಿಟ್ಟೆಂಬುದು ಕಂಡದ್ದು ಮುಕ್ಕಾಲು ಗಂಟೆಗೆ, ಅದೂ ರವೆಯಂಥದ್ದು.

ಸೋಮವಾರ ಎತ್ತು ಮಾಡಿದರು. ಚಿತ್ರ ನೋಡಿ ಐದು ಎತ್ತು. ಅಗಲ ಕೊಂಬು, ಕೊರಳ ಕೆಳಗೆ ಜೋಲುವ ಗಂಗೆದೊಗಲು, ಎದ್ದ ಹಿಣಿಲು. ಮೇವು ತಿನ್ನಲು ಒಂದು ಗೋದಲಿಯನ್ನೂ ಮಾಡಿದರು. ಶಾಲೆಯ ಪಡಸಾಲೆಯಲ್ಲಿ ಗಾಳಿಗೆ ಇಟ್ಟರೆ ಕೊಂಬು ಬಿರುಕು ಬಿಡುತ್ತಿದ್ದವು. ಬುಧವಾರ ಇನ್‌ಸ್ಪೆಕ್ಷನ್. ಒಲೆಯ ಪಕ್ಕದ ಹದ ಬಿಸಿಯಲ್ಲಿ ಎರಡು ರಾತ್ರಿ ಇಟ್ಟರೆ ಗಟ್ಟಿಯಾಗುತ್ತವೆಂದು ದ್ರಾಕ್ಷಾಯಣಮ್ಮ ಅವನ್ನು ಮೊರದಲ್ಲಿಟ್ಟುಕೊಂಡು ಹರಿಹರಕ್ಕೆ ತಂದಳು. ಒಲೆಯ ಮೂಲೆಯಲ್ಲಿಟ್ಟು ರೊಟ್ಟಿ ಬುಟ್ಟಿ ಮುಚ್ಚಿದಳು. ಯಾರಿಗೂ ಹೇಳಲಿಲ್ಲ. ಶಾಲೆಯ ಮಾತನ್ನು ಆ ಮನೆಯಲ್ಲಿ ಯಾರೂ ಕೇಳುತ್ತಲೂ ಇರಲಿಲ್ಲ, ಅವಳು ಹೇಳುತ್ತಲೂ ಇರಲಿಲ್ಲ.

ಮಂಗಳವಾರ ಅಮಾವಾಸ್ಯೆ. ಅದು ಮಣ್ಣೆತ್ತಿನ ಅಮಾವಾಸ್ಯೆ ಎಂಬುದು, ಅಷ್ಟೆಲ್ಲ ಎತ್ತು ಮಾಡಿಸಿದ ದ್ರಾಕ್ಷಾಯಣಮ್ಮನಿಗೆ ನೆನಪೇ ಇರಲಿಲ್ಲ. ಹೋಳಿಗೆಗೆ ಕಡಲೆಬೇಳೆ ನೆನೆಹಾಕಲು ಅತ್ತೆ ಹೇಳಿದ್ದರು, ಹಾಕಿದ್ದಳು. ಹೇಳಿದ ಕೆಲಸ ಯಾವ ಹಬ್ಬದ್ದೆಂದು ಕೇಳುವಷ್ಟು ಪುರುಸೊತ್ತು ಆ ಹೊತ್ತಿನಲ್ಲಿ ಯಾರಿಗಿರುತ್ತದೆ?

ಸಂಜೆ ಮನೆಗೆ ಬಂದಾಗ ಶಕುಂತಲಮ್ಮ ಬಾಗಿಲಲ್ಲೇ ನಿಂತಿದ್ದರು. ಹಣೆತುಂಬ ವಿಭೂತಿ, ಮುಖದಲ್ಲಿ ನಗು. ಆ ನಗು ಕಂಡು ದ್ರಾಕ್ಷಾಯಣಮ್ಮನಿಗೆ ಹೆದರಿಕೆಯಾಯಿತು.

"ಬಾ ಇಲ್ಲಿ. ಒಂಬತ್ತು ವರ್ಷಕ್ಕೆ ಒಂದಿನ ನಾನು ಹೇಳದಂಗ ಒಂದು ಕೆಲಸ ಮಾಡೀ ನೋಡು."

ದೇವರ ಜಗಲಿಯ ಮೇಲೆ ಐದೂ ಎತ್ತು ಸಾಲಾಗಿ ನಿಂತಿದ್ದವು. ಹಣೆಗೆ ವಿಭೂತಿ, ಕುಂಕುಮ. ಕೊಂಬಿಗೆ ಹತ್ತಿಯ ಎಳೆ. ಕೊರಳಿಗೆ ಕಣಗಿಲೆ ಹೂ. ಮುಂದಿದ್ದ ಗೋದಲಿಯಲ್ಲಿ ಹೋಳಿಗೆಯ ಚೂರು, ಅದರ ಮೇಲೆ ತುಪ್ಪ.

"ಕುಂಬಾರ ಜೋಡಿ ತಂದಿದ್ದ. ವಾಪಸ್ ಒಯ್ಯಪ್ಪ ಅಂದೆ. ನಮ್ಮ ಸೊಸಿನೇ ಮಾಡ್ಯಾಳೆ, ಬಾ ನೋಡ್ಬಾ ಅಂತ ಒಳಗೆ ಕರದೆ. ಅವನ ಮಾರಿ ನೋಡಬೇಕಿತ್ತು ನೀನು. ಇಂಥಾ ಹಿಣಿಲು ನನ್ನ ಕೈಗೂ ಬರಂಗಿಲ್ಲಬೇ ಅಂದ."

ದ್ರಾಕ್ಷಾಯಣಮ್ಮ ಬಾಯಿ ತೆರೆದಳು. ಅವು ಶಾಲೆಯವು ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಪೂಜೆಯಾಗಿ ಹೋಗಿತ್ತು. ಇನ್ನು ಹೇಳಿ ಬರುವುದೇನು? ಎತ್ತು ಬರುವುದಿಲ್ಲ, ಆ ನಗು ಮಾತ್ರ ಹೋಗುತ್ತದೆ. ಒಂಬತ್ತು ವರ್ಷ ದಿನಕ್ಕೆ ಇಪ್ಪತ್ತೆರಡು ರೊಟ್ಟಿ ತಟ್ಟಿದ್ದಕ್ಕೆ ಬಾರದ ಹೊಗಳಿಕೆ, ಹುಡುಗಿಯರು ಮಾಡಿದ ಮಣ್ಣಿನ ಎತ್ತಿಗೆ ಬಂದಿತ್ತು. ಅಳಬೇಕೋ ನಗಬೇಕೋ ತಿಳಿಯದೆ ಕೈಕಾಲು ತೊಳೆಯಲು ಹೋದಳು.

ಊಟಕ್ಕೆ ಬಡಿಸುವಾಗ ಗಂಡನ ಕಿವಿಗೆ ಹಾಕಿದಳು. "ರೀ, ಅವು ನಾಳೆ ಇನ್‌ಸ್ಪೆಕ್ಷನ್ನಿಗೆ ಬೇಕಾಗಿದ್ವು. ಇಸ್ಕೂಲು ಹುಡುಗೇರು ಮಾಡಿದ್ದು."

ವಾಮದೇವಪ್ಪ ಹೋಳಿಗೆ ಮುರಿದ. "ಪೂಜೆ ಆದ ಬಸವಣ್ಣನ್ನ ಇಸ್ಕೂಲಿಗೆ ಒಯ್ತಾರೇನೇ? ಅವ್ವನ ಮುಂದೆ ಈ ಮಾತು ಎತ್ತಬ್ಯಾಡ. ಇನ್ನೊಂದೀಟು ತುಪ್ಪ ಹಾಕು."

ತುಪ್ಪ ಹಾಕಿದಳು.

ಪೂಜೆಯಾದ ಎತ್ತನ್ನು ಮರುದಿನ ನೀರಿಗೆ ಬಿಡಬೇಕು. ನೀರಿಗೆ ಹೋಗುವವಳು ಆ ಮನೆಯಲ್ಲಿ ಒಬ್ಬಳೇ. "ಹೆಂಗೂ ಹೊಳಿಗೆ ಹೋಗ್ತೀಯಲ್ಲ, ತಗಂಡು ಹೋಗಿ ಬಿಟ್ಟುಬಾ" ಎಂದರು ಶಕುಂತಲಮ್ಮ. ಬುಧವಾರ ಮುಂಜಾನೆಯ ಕೆಲಸಗಳಿಗೆ ಅದೂ ಒಂದು ಸೇರಿತು.

ಹೊಳೆಗೆ ಆಗಲೇ ಹೊಸ ನೀರು ಬಂದಿತ್ತು. ಕೊಡಗಳನ್ನು ಮೆಟ್ಟಿಲ ಮೇಲಿಟ್ಟು, ಮೊರ ಹಿಡಿದು ದ್ರಾಕ್ಷಾಯಣಮ್ಮ ಬಹಳ ಹೊತ್ತು ನಿಂತಳು. ಸುತ್ತ ಒಬ್ಬರೂ ಇರಲಿಲ್ಲ. ಕುಂಕುಮ ಒರೆಸಿ, ಎಳೆ ಬಿಚ್ಚಿ, ಚೀಲಕ್ಕೆ ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಹಣೆ ಒರೆಸಿಯೂ ನೋಡಿದಳು. ತುಪ್ಪ ಹೀರಿದ ಮಣ್ಣಿನಲ್ಲಿ ಕುಂಕುಮ ಇನ್ನಷ್ಟು ಹರಡಿತು. ಏಳನೇ ಕ್ಲಾಸಿನ ಮೂವತ್ತು ಹುಡುಗಿಯರಲ್ಲಿ ಇಪ್ಪತ್ತೈದು ಮಂದಿಯ ಮನೆಯಲ್ಲಿ ನಿನ್ನೆ ಇದೇ ಹಬ್ಬ. ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಮತ್ತೆ, ನೀರಿಗೆ ಬಿಡಬೇಕಾದುದನ್ನು ತಿರುಗಿ ತಂದಿಟ್ಟು ಅದರ ಮುಂದೆ ನಿಂತು ಪಾಠ ಹೇಳಲು ತನ್ನಿಂದ ಆಗದು ಎಂಬುದೂ ಅವಳಿಗೆ ಗೊತ್ತಿತ್ತು. ಒಂದೊಂದಾಗಿ ಬಿಟ್ಟಳು. ಕೊಂಬು ಕೊನೆಗೆ ಮುಳುಗಿದವು. ಕೂತು ಹೊಸದು ಮಾಡೋಣವೆಂದರೆ ದಂಡೆಯ ತುಂಬ ಮಣ್ಣಿತ್ತು, ಹೊತ್ತಿರಲಿಲ್ಲ. ಎಮ್ಮೆ ಕೂಗುತ್ತಿರಬಹುದು. ಕೊಡ ತುಂಬಿಕೊಂಡು ಹೊರಟಳು.

ಶಾಲೆಯಲ್ಲಿ ಹುಡುಗಿಯರು ಗೇಟಿನವರೆಗೂ ಓಡಿ ಬಂದರು. ಬರಿಗೈ ನೋಡಿ ನಿಂತರು. ನಿಟ್ಟುವಳ್ಳಿಯಿಂದ ನಡೆದು ಬರುತ್ತಿದ್ದ ಬಸವಣ್ಣೆಮ್ಮ ಎಂಬ ಹುಡುಗಿ, ತಾನು ಮಾಡಿದ ಎತ್ತಿನ ಕೊಂಬನ್ನು ಮೂರು ಸಲ ಅಂಟಿಸಿದವಳು, ಕೇಳಿದಳು. "ಅಕ್ಕೋರೆ, ನಮ್ಮ ಎತ್ತು?"

"ಹೊಳ್ಯಾಗೆ ಅದಾವೆ ಕಣಮ್ಮ. ನಮ್ಮನ್ಯಾಗೆ ಪೂಜೆ ಮಾಡಿಬಿಟ್ರು."

"ಹೋಳಿಗಿ ಇಟ್ಟಿದ್ರಾ?"

"ತುಪ್ಪನೂ ಹಾಕಿದ್ರು."

"ಹಂಗಾರೆ ಹೋಗ್ಲಿ ಬಿಡ್ರಿ," ಎಂದಳು ಬಸವಣ್ಣೆಮ್ಮ, ಸಮಾಧಾನವಾದವಳಂತೆ.

ಜಂಬಯ್ಯನವರು ಹನ್ನೊಂದಕ್ಕೆ ಬಂದರು. ಕರಿ ಕೋಟು, ರುಮಾಲು, ಕೈಯಲ್ಲಿ ಕೊಡೆ. ಹಿಂದೆ ನಾಗರತ್ನಮ್ಮ. ಬಾಗಿಲ ಹಲಗೆಯ ಮೇಲಿನ ಊರನ್ನು ಒಂದು ಸುತ್ತು ಬಂದು, ಕೊಡೆಯ ತುದಿಯಿಂದ ತೋರಿಸಿ ಕೇಳಿದರು.

"ಇದೇನು?"

"ಚರಂಡಿ ಸಾರ್. ಮುಚ್ಚಿದ್ದು. ಪ್ರತಿ ಮನೆ ಬಚ್ಚಲದ್ದೂ ಇದಕ್ಕೇ ಬರ್ತೈತೆ," ಎಂದಳು ಬಸವಣ್ಣೆಮ್ಮ.

"ನಿಮ್ಮನಿಗೆ ಐತೇನು ಇಂಥದ್ದು?"

"ಇಲ್ಲ ಸಾರ್. ನಮ್ಮದು ಪಕ್ಕದ ಮನಿಯೋರ ಅಂಗಳಕ್ಕೆ ಹೋಗ್ತೈತೆ. ದಿನಾ ಜಗಳ."

ಯಾರೋ ಕಿಸಕ್ಕೆಂದರು. ಜಂಬಯ್ಯನವರು ನಗಲಿಲ್ಲ. ಕುರ್ಚಿಯಲ್ಲಿ ಕೂತು, ಕೋಟಿನ ಗುಂಡಿ ಬಿಚ್ಚಿದರು.

"ಈ ಊರು ಆಳಿದ ರಾಜ ಯಾರು?"

ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ, "ಮದಕರಿ ನಾಯಕ ಸಾರ್" ಎಂದಿತು. ನಾಗರತ್ನಮ್ಮ ಕಣ್ಣು ಮುಚ್ಚಿಕೊಂಡರು.

"ರಾಜನ ಹೆಸರು ಗೊತ್ತಾಗಿಲ್ಲರಿ," ದ್ರಾಕ್ಷಾಯಣಮ್ಮ ಹೇಳಿದಳು. "ಅವರ ಬರವಣಿಗೆನ ಇನ್ನೂ ಯಾರೂ ಓದಿಲ್ಲ. ಅದನ್ನೇ ಮಕ್ಕಳಿಗೆ ಹೇಳೀನಿ."

"ರಾಜ ಗೊತ್ತಿಲ್ಲ. ಯುದ್ಧ ಗೊತ್ತಿಲ್ಲ. ಮತ್ತೆ ಹದಿನೈದು ದಿನ ಏನು ಹೇಳಿಕೊಟ್ರಿ ನೀವು? ಮಣ್ಣು ಕಲಸೋದಾ?"

ಜೂನ್ ಮುಗಿಯಲು ಒಂದು ವಾರವಿತ್ತು. ದ್ರಾಕ್ಷಾಯಣಮ್ಮ ಹಲಗೆಯ ಅಂಚಿಗೆ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆದಳು.

ಕಿಟಕಿಯ ಪಕ್ಕದ ಹುಡುಗಿ ಎದ್ದು ನಿಂತಳು. ಗುಲ್ಷನ್. ಅವಳ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ಮುಂಜಾನೆ ಮಗಳೂ ಜೊತೆಗೆ ಹೋಗಿ, ಹುರಿದ ಮಂಡಕ್ಕಿಯಿಂದ ಬಿಸಿ ಮರಳು ಜರಡಿ ಹಿಡಿದು ಶಾಲೆಗೆ ಬರುತ್ತಿದ್ದಳು. ಕ್ಲಾಸಿನಲ್ಲಿ ಹೆಚ್ಚು ಮಾತಾಡುವವಳಲ್ಲ.

"ನಂಗೆ ಒಂದು ಗೊತ್ತು ಸಾಬ್."

"ಹೇಳು."

"ಆ ಊರಾಗೆ ಬೀಸೋ ಕಲ್ಲು ಸಿಕ್ಕಿದಾವೆ. ತಿರುಗೋ ಕಲ್ಲಲ್ಲ. ಮಂಡಿ ಊರ್ಕಂಡು ತಿಕ್ಕೋದು. ನಾವು ತಿಕ್ಕಿ ನೋಡಿದ್ವಿ. ಒಂದು ಪಾವಿಗೆ ಮುಕ್ಕಾಲು ಗಂಟೆ ಹಿಡೀತು, ಮಂಡಿ ಎಲ್ಲ ಕೆಂಪಾಯ್ತು. ಒಂದು ಮನ್ಯಾಗೆ ಎಂಟು ಜನ ಅಂದ್ರೆ ಎರಡು ಸೇರಾದ್ರೂ ಬೇಕಲ್ಲ ಸಾಬ್. ಎಂಟು ಪಾವು. ಆರು ಗಂಟೆ." ಅವಳು ಉಸಿರು ತೆಗೆದುಕೊಂಡಳು. "ಅಂದ್ರೆ ಜನ ಹೊತ್ತಾರೆ ಉಣ್ಣಬೇಕಾದ್ರೆ, ಯಾರೋ ಕತ್ಲಾಗೇ ಎದ್ದಿರ್ಬೇಕು. ರಾಜ ಎದ್ದಿರಂಗಿಲ್ಲ."

ಮೂವತ್ತು ಹುಡುಗಿಯರೂ ಒಮ್ಮೆಲೇ ನಕ್ಕರು. ಜಂಬಯ್ಯನವರ ಮುಖ ಮಾತ್ರ ಹಾಗೇ ಇತ್ತು. ಅವರು ಗುಲ್ಷನ್ನಳ ಕೈಗಳನ್ನು ನೋಡುತ್ತಿದ್ದರು. ಬೆರಳ ಸಂದಿಯಲ್ಲಿ ಸುಟ್ಟ ಕಲೆಗಳಿದ್ದವು.

"ಎಲ್ಲೈತೆ ಆ ಕಲ್ಲು?"

ಇಡೀ ಕ್ಲಾಸು ಅವರನ್ನು ಹಿತ್ತಲಿಗೆ ಕರೆದೊಯ್ದಿತು. ಬಸವಣ್ಣೆಮ್ಮ ಮಂಡಿಯೂರಿ ತಿಕ್ಕಿ ತೋರಿಸಿದಳು. ಜಂಬಯ್ಯನವರು ಕೊಡೆಯನ್ನು ನಾಗರತ್ನಮ್ಮನವರ ಕೈಗೆ ಕೊಟ್ಟು, ತಾವೇ ಬಗ್ಗಿ ಗುಂಡು ಹಿಡಿದು ನಾಲ್ಕು ಸಲ ತಿಕ್ಕಿದರು. ಐದನೆಯದಕ್ಕೆ ಸೊಂಟ ಹಿಡಿದುಕೊಂಡು ಎದ್ದರು.

"ನಮ್ಮವ್ವ ಬೀಸ್ತಿದ್ದಳು," ಎಂದರು, ಯಾರಿಗೆಂದಲ್ಲದೆ. ಮತ್ತೆ ಒಳಗೆ ಬಂದು ಹಲಗೆಯ ಒಂದು ಮೂಲೆ ತೋರಿಸಿದರು. "ಇಲ್ಲಿ ಯಾಕ ಖಾಲಿ ಬಿಟ್ಟೀರಿ?"

ದ್ರಾಕ್ಷಾಯಣಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು. ಒಲೆಯ ಮೂಲೆ, ಅಮಾವಾಸ್ಯೆ, ಅತ್ತೆ, ಹೊಳೆ.

ಜಂಬಯ್ಯನವರು ಈಗ ನಕ್ಕರು. ಭುಜ ಕುಲುಕುವಂಥ ನಗು. "ಪೂಜೆ ಆದದ್ದನ್ನ ಹೆಂಗೆ ತರ್ತೀರಿ? ನಮ್ಮನ್ಯಾಗೂ ನಿನ್ನೆ ಐದು ಕೂಡಿಸಿದ್ರು. ಆ ಊರಿನೋರೂ ಮಣ್ಣಿನ ಎತ್ತು ಮಾಡ್ತಿದ್ರು, ಪೂಜೆಗೋ ಮಕ್ಕಳ ಆಟಕ್ಕೋ ಯಾರಿಗೂ ಗೊತ್ತಿಲ್ಲ. ನಿಮ್ಮತ್ತಿಯಂಥೋರು ಅಲ್ಲೂ ಇದ್ದಿರಬೇಕು ಬಿಡ್ರಿ."

ಅವರು ಹೋದಮೇಲೆ ನಾಗರತ್ನಮ್ಮ ಸ್ಟಾಫ್ ರೂಮಿಗೆ ಬಂದು, ಬಾಗಿಲು ಅರ್ಧ ಮುಚ್ಚಿ, ರೆಪೋರ್ಟಿನ ಪ್ರತಿ ತೋರಿಸಿದರು. 'ತರಬೇತಿಗೆ ಶಿಫಾರಸು ಮಾಡಿದೆ.' ಕೆಳಗೆ ರುಜು.

ದ್ರಾಕ್ಷಾಯಣಮ್ಮ ಎರಡು ಸಲ ಓದಿದಳು. ಆಮೇಲೆ ಬೆಂಚಿನ ಮೇಲೆ ಕೂತಳು. ಒಂದು ತಿಂಗಳಿನಿಂದ ಹೆಗಲ ಸಂದಿನಲ್ಲಿ ಹಿಡಿದಿದ್ದ ನೋವೊಂದು ಇತ್ತೆಂಬುದು, ಅದು ಸಡಿಲಾದಾಗಲೇ ಅವಳಿಗೆ ತಿಳಿಯಿತು. ಬುತ್ತಿ ಬಿಚ್ಚಿ, ಮಧ್ಯಾಹ್ನದ ರೊಟ್ಟಿಯನ್ನು ಮೂರು ಗಂಟೆಗೆ ತಿಂದಳು. ನಡುವೆ ಏಳದೆ, ಯಾರಿಗೂ ಬಡಿಸದೆ, ಕೊನೆಯ ತುತ್ತಿನವರೆಗೂ ಕೂತೇ ತಿಂದಳು. ನಾಗರತ್ನಮ್ಮ ತಮ್ಮ ಡಬ್ಬಿಯಿಂದ ಉಪ್ಪಿನಕಾಯಿ ಹಾಕಿದರು.

"ನಾನು ಮದಕರಿ ನಾಯಕ ಅಂದಾಗಲೇ ನಿಮ್ಮ ಕತಿ ಮುಗೀತು ಅನ್ಕಂಡಿದ್ದೆ."

"ನೀವು ಅನ್ಲಿಲ್ಲರಿ, ಆ ಹುಡುಗಿ ಅಂದಿದ್ದು," ಎಂದಳು ದ್ರಾಕ್ಷಾಯಣಮ್ಮ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಹೋಗುವ ಮುಂಚೆ ನಾಗರತ್ನಮ್ಮ ಒಂದು ಫಾರಮ್ಮು ಮೇಜಿನ ಮೇಲಿಟ್ಟರು. "ತರಬೇತಿಗೆ ಎರಡು ಕಡೆ ಜಾಗ ಐತೆ. ದಾವಣಗೆರೆದಾದ್ರೆ ನೀವು ದಿನಾ ಹೋಗಿ ಬರಬಹುದು. ಚಿತ್ರದುರ್ಗದ್ದಾದ್ರೆ ಹಾಸ್ಟೆಲ್ಲಿನ್ಯಾಗೆ ಇರಬೇಕು, ತಿಂಗಳಿಗೊಮ್ಮೆ ಮನಿಗೆ. ಯಾವುದು ಅಂತ ಬರೀರಿ. ನಾಳೆ ಮುಂಜಾನೆ ಟಪಾಲಿಗೆ ಹೋಗ್ತೈತೆ. ಬೇಕಾದ್ರೆ ಇವತ್ತು ಒಯ್ದು ಮನಿಯೋರನ್ನ ಕೇಳ್ಕಂಡು ಬರ್ರಿ."

ಮನೆಯವರನ್ನು ಕೇಳಿದರೆ ಏನಾಗುತ್ತದೆಂದು ಅವಳಿಗೆ ಅಕ್ಷರ ಅಕ್ಷರವೂ ಗೊತ್ತಿತ್ತು. ವಾಮದೇವಪ್ಪ, "ನನಗೇನೇ, ಅವ್ವನ್ನ ಕೇಳು" ಎನ್ನುತ್ತಾನೆ. ಶಕುಂತಲಮ್ಮ, "ಹತ್ತಿರದ್ದು ಐತಲ್ಲ, ಮತ್ಯಾಕ ಕೇಳ್ತೀ?" ಎನ್ನುತ್ತಾರೆ. ಅಷ್ಟೇ. ಯಾರೂ ಬಯ್ಯುವುದಿಲ್ಲ, ಬಾಗಿಲು ಹಾಕುವುದಿಲ್ಲ. ಕೆಟ್ಟವರಲ್ಲ ಅವರು.

ಗಂಟೆ ಹೊಡೆದು ಹುಡುಗಿಯರು ಹೋದರು. ಸ್ಟಾಫ್ ರೂಮು ಖಾಲಿಯಾಯಿತು. ಐದೂಕಾಲಿನ ಗಾಡಿಗೆ ಇನ್ನೂ ಹೊತ್ತಿತ್ತು. ದ್ರಾಕ್ಷಾಯಣಮ್ಮ ಫಾರಮ್ಮನ್ನು ಹತ್ತಿರ ಎಳೆದುಕೊಂಡಳು. ದಾವಣಗೆರೆ ಎಂದು ಬರೆದರೆ ಮುಂದಿನ ವರ್ಷ ಹೇಗಿರುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲಳು. ನಾಲ್ಕಕ್ಕೆ ಏಳುವುದು ಮೂರಕ್ಕಾಗುತ್ತದೆ. ಪಾಠದ ಟಿಪ್ಪಣಿಗಳನ್ನು ಎಸರು ಕುದಿಯುವಷ್ಟರಲ್ಲಿ ಓದಬೇಕಾಗುತ್ತದೆ. ನಪಾಸಾದರೆ, ಮನೆ ಕೆಲಸದ ಜೊತೆ ಇವೆಲ್ಲ ಆಗುವ ಮಾತೇ ಎಂದು ಎಲ್ಲರೂ ಮರುಗುತ್ತಾರೆ.

ಚಿತ್ರದುರ್ಗ ಎಂದು ಬರೆದರೆ ಹರಿಹರದ ಮನೆಯಲ್ಲಿ ಏನಾಗುತ್ತದೆ, ಅದನ್ನೂ ಯೋಚಿಸಿದಳು. ಅತ್ತೆಗೆ ಕೈಯಲ್ಲಿ ಇನ್ನೂ ಕಸುವಿದೆ. ಮೈದುನರು ಇಬ್ಬರೂ ಇಪ್ಪತ್ತು ದಾಟಿದವರು, ಕೊಡ ಹೊರಲಾರದವರಲ್ಲ. ಗಂಡನಿಗೆ ಎಮ್ಮೆ ಕರೆಯಲು ಬರುತ್ತದೆ. ಮದುವೆಗೆ ಮುಂಚೆ ಅವನೇ ಕರೆಯುತ್ತಿದ್ದನಂತೆ. ಕೆಲಸ ನಿಲ್ಲುವುದಿಲ್ಲ, ಮಾಡುವ ಕೈ ಬದಲಾಗುತ್ತದೆ. ಮನೆಯಲ್ಲಿ ಹೇಳಬೇಕಾದುದನ್ನು ಹೇಳಿದರಾಯಿತು. ಕೇಳಬೇಕಾದುದೇನೂ ಇರಲಿಲ್ಲ.

ಪೆನ್ನಿನ ಮುಚ್ಚಳ ತೆಗೆದು, ದಾವಣಗೆರೆ ಎಂಬ ಮುದ್ರಿತ ಹೆಸರಿನ ಮೇಲೆ ಗೀಟು ಎಳೆದಳು. ಚಿತ್ರದುರ್ಗದ ಮುಂದೆ 'ಹಾಸ್ಟೆಲ್ ಬೇಕು' ಎಂದು ಬರೆದು ರುಜು ಹಾಕಿದಳು. ಶಾಯಿ ಆರುವವರೆಗೂ ಕಾದು, ಫಾರಮ್ಮನ್ನು ನಾಗರತ್ನಮ್ಮನವರ ಟಪಾಲು ಟ್ರೇನಲ್ಲಿ, ಎಲ್ಲ ಕಾಗದಗಳ ಮೇಲೆ ಇಟ್ಟು, ಸ್ಟೇಷನ್ನಿನ ಕಡೆ ನಡೆದಳು.